ವೀಗನ್ ಆದ ಮೇಲೆ ಗೆಳೆಯರು ಊಟಕ್ಕೆ ಕರೆಯುತ್ತಿಲ್ಲ ಎಂದವರಿಗೆ

ಮಾಂಸ, ಮೊಟ್ಟೆಯ ಜೊತೆ ಹಾಲು, ಬೆಣ್ಣೆಯನ್ನೂ ಬಿಟ್ಟು ವೀಗನ್ ಆದ ಮೇಲೆ ಗೆಳೆಯರು ಊಟಕ್ಕೆ ಕರೆಯುತ್ತಿಲ್ಲ ಅಂದಿರಿ. ಅವರು ದೂರವಾಗಲು ನಿಮ್ಮ ತಟ್ಟೆ ಕಾರಣ ಅಲ್ಲ ಅನಿಸುತ್ತದೆ. ಎಲ್ಲರೂ ತಿನ್ನುವಾಗಲೇ ಡೈರಿ ಕರುಗಳ ವಿಷಯ ಎತ್ತುತ್ತೇನೆ ಅಂತ ಬರೆದಿದ್ದೀರಲ್ಲ, ಬಹುಶಃ ಅದೇ. ನೀವು ಹೇಳುವುದು ನಿಜ. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು, ಗಂಡು ಕರು ಹಾಲಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಬಾಯಲ್ಲಿ ತುತ್ತಿರುವವರಿಗೆ ಅದು ಕರುಣೆಯ ಮಾತಾಗಿ ಕೇಳಿಸದು, ಬೈದಂತೆ ಕೇಳಿಸುತ್ತದೆ.

ಮೊದಲು ಊಟದ ಹೊತ್ತಲ್ಲಿ ಆ ಮಾತು ನಿಲ್ಲಿಸಿ. ಯಾರಾದರೂ ಕೇಳಿದರೆ ‘ಊಟ ಆದ್ಮೇಲೆ ಹೇಳ್ತೀನಿ’ ಅನ್ನಿ, ಮರೆಯದೆ ಹೇಳಿ ಕೂಡ. ಆಮೇಲೆ ನೀವೇ ಅವರನ್ನು ಮನೆಗೆ ಕರೆಯಿರಿ. ಹೊಟ್ಟೆ ತುಂಬ ಬಡಿಸಿ, ಪೀಠಿಕೆ ಬೇಡ. ಅವರ ಮನೆಗೆ ಹೋಗುವಾಗ ಏನು ತಿನ್ನಲ್ಲ ಅಂತ ಮೊದಲೇ ತಿಳಿಸಿ, ಎಲ್ಲರಿಗೂ ಸಾಲುವಷ್ಟು ಒಂದು ಡಬ್ಬಿ ಒಯ್ಯಿರಿ. ಸೌಟಿಗೆ ಚೂರು ಬೆಣ್ಣೆ ತಾಗಿತ್ತು ಅಂತ ಎದ್ದು ಹೋಗಬೇಡಿ. 1944ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವೀಗನ್ ಸೊಸೈಟಿಯ ವ್ಯಾಖ್ಯೆಯಲ್ಲೇ ‘ಸಾಧ್ಯವಾದಷ್ಟು’ ಅನ್ನುವ ಅರ್ಥದ ಮಾತಿದೆ.

ಸುಸ್ತು, ಸಿಡುಕು ಜಾಸ್ತಿಯಾಗಿದೆ ಅಂದಿರಿ. ಅದು ಒಂಟಿತನದಿಂದಲೂ ಇರಬಹುದು, ವಿಟಮಿನ್ ಬಿ12 ಕೊರತೆಯಿಂದಲೂ ಇರಬಹುದು. ಗಿಡಮೂಲದ ಊಟವೊಂದರಿಂದಲೇ ಬಿ12 ಸಾಕಾಗುವಷ್ಟು ಸಿಗುವುದಿಲ್ಲ. ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯ ಪ್ರಮಾಣ ಅವರನ್ನೇ ಕೇಳಿ.