ಚಾಳೀಸು, ಜೀನ್ಸ್ ಮತ್ತು ಶೇ 97ರ ಆ್ಯಪ್

ಈ ಸಲ ನಾಲ್ಕು ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇನೆ. ಒಂದು ವ್ಯಾಪಾರದ್ದು, ಒಂದು ಸಾಫ್ಟ್‌ವೇರಿನದು, ಒಂದು ಮನೆಯದು, ಇನ್ನೊಂದು ಪ್ರಬಂಧ ಮುಗಿಸುವ ಅವಸರದ್ದು. ನಾಲ್ಕೂ ಸುತ್ತಿ ಬಳಸಿ ಕಣ್ಣಿನ ಹತ್ತಿರವೇ ಬಂದು ನಿಂತಿವೆ. ನಾನು ಕಣ್ಣಿನ ವೈದ್ಯನಲ್ಲ, ಸಂಶೋಧನಾ ವಿಧಾನ ಕಲಿಸುವ ಮೇಷ್ಟ್ರು. ವೈದ್ಯಕೀಯ ಮಾತು ಬಂದಲ್ಲೆಲ್ಲ ನೇತ್ರತಜ್ಞರಾದ ಸಹೋದ್ಯೋಗಿಯೊಬ್ಬರು ಓದಿ ತಿದ್ದಿದ್ದಾರೆ.

ಪ್ರಶ್ನೆ: ಕೌಲ್ ಬಜಾರಿನಲ್ಲಿ ನಮ್ಮದು ಮೂವತ್ತು ಯಂತ್ರಗಳ ಜೀನ್ಸ್ ಘಟಕ. ಟೇಲರ್‌ಗಳಲ್ಲಿ ಅರ್ಧದಷ್ಟು ಜನ ನಲವತ್ತು ದಾಟಿದವರು. ಎಂಬಿಎ ವಿದ್ಯಾರ್ಥಿಗಳು ಬಂದು, ಇವರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುತ್ತೇವೆ, ಕೆಲಸ ಎಷ್ಟು ಹೆಚ್ಚುತ್ತದೆ ನೋಡುತ್ತೇವೆ ಎನ್ನುತ್ತಿದ್ದಾರೆ. ಆದರೆ ಅರ್ಧ ಜನರಿಗೆ ಈಗ, ಉಳಿದರ್ಧಕ್ಕೆ ಮೂರು ತಿಂಗಳ ನಂತರವಂತೆ. ಇದೆಂಥ ನ್ಯಾಯ? ನನಗೇನು ಲಾಭ?
— ಘಟಕದ ಮಾಲೀಕರು, ಬಳ್ಳಾರಿ

ಉತ್ತರ: ಹತ್ತಿರದ್ದು ಮಸುಕಾಗುವ ತೊಂದರೆ ನಲವತ್ತಕ್ಕೆ ಬರುವುದರಿಂದಲೇ ಅದಕ್ಕೆ ಚಾಳೀಸು ಎಂಬ ಹೆಸರು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಬಿಗಿಯಾಗುತ್ತದೆ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳಲಾರದು. ಇದು ರೋಗವಲ್ಲ. ದೂರದ ಬೋರ್ಡು ಸ್ಪಷ್ಟವಾಗಿಯೇ ಕಾಣುವುದರಿಂದ ಟೇಲರ್ ತನ್ನ ಕಣ್ಣು ಚೆನ್ನಾಗಿದೆ ಎಂದೇ ನಂಬಿರುತ್ತಾನೆ. ಕಡು ನೀಲಿ ಬಟ್ಟೆಯ ಮೇಲೆ ಕಡು ನೀಲಿ ದಾರ, ಮೇಲೊಂದು ಮಂಕು ಟ್ಯೂಬ್‌ಲೈಟ್. ಸೂಜಿಗೆ ದಾರ ಪೋಣಿಸಲು ಪಕ್ಕದ ಹುಡುಗನನ್ನು ಕರೆಯತೊಡಗಿದ ದಿನ ಗುಟ್ಟು ಬಯಲಾಗುತ್ತದೆ.

ಈ ವಿದ್ಯಾರ್ಥಿಗಳ ಯೋಚನೆ ಗಾಳಿಯಿಂದ ಬಂದದ್ದಲ್ಲ. ಅಸ್ಸಾಂನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ಇಂಥದೇ ಪ್ರಯೋಗ ನಡೆದು, ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅದರಲ್ಲಿದ್ದರು. ಚೀಟಿ ಎತ್ತಿದ ಹಾಗೆ ಕಾರ್ಮಿಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ಕನ್ನಡಕ ಕೊಟ್ಟರು, ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ. ಕನ್ನಡಕ ಸಿಕ್ಕವರು ದಿನಕ್ಕೆ ಸರಾಸರಿ 25 ಕಿಲೊ ಎಲೆ ಕೀಳುತ್ತಿದ್ದವರು 34.8 ಕಿಲೊಗೆ ಏರಿದರು.

ನಿಮ್ಮ ನ್ಯಾಯದ ಪ್ರಶ್ನೆಗೆ ಉತ್ತರ ಇರುವುದು ಇನ್ನೊಂದು ಗುಂಪಿನಲ್ಲಿ. ಕನ್ನಡಕವೇ ಸಿಗದ ಅವರೂ 26 ಕಿಲೊದಿಂದ 30.6 ಕಿಲೊಗೆ ಏರಿದ್ದರು! ಎಲೆ ಸೊಂಪಾಗಿ ಬರುವ ಕಾಲವೋ, ಯಾರೋ ತೂಗಿ ಬರೆದುಕೊಳ್ಳುತ್ತಿದ್ದಾರೆಂಬ ಅರಿವೋ, ಕಾರಣ ಏನೇ ಇರಲಿ, ಆ ಏರಿಕೆ ಕನ್ನಡಕದ್ದಂತೂ ಅಲ್ಲ. ಎಲ್ಲರಿಗೂ ಒಮ್ಮೆಲೇ ಕೊಟ್ಟಿದ್ದರೆ ಶೇ 39ರಷ್ಟು ಹೆಚ್ಚಳ ಎಂದು ಡಂಗುರ ಸಾರಿಬಿಡುತ್ತಿದ್ದರು. ಹೋಲಿಸಲು ಗುಂಪೊಂದು ಇದ್ದುದರಿಂದ ಕನ್ನಡಕದ ಪಾಲು ಶೇ 21.7 ಎಂದು ತಿಳಿಯಿತು. ನಿಮ್ಮಲ್ಲೂ ಹಾಗೆಯೇ. ದೀಪಾವಳಿ ಮುಂಚಿನ ಆರ್ಡರ್‌ಗಳ ಭರಾಟೆಯಲ್ಲಿ ಕನ್ನಡಕವಿಲ್ಲದವನೂ ಹೆಚ್ಚು ಹೊಲಿಯುತ್ತಾನೆ.

ಹಾಗೆಂದು ಚಹಾ ತೋಟದ ಅಂಕಿಯನ್ನು ಜೀನ್ಸ್‌ಗೆ ಅಂಟಿಸಬೇಡಿ. ಇಪ್ಪತ್ತು ವರ್ಷ ಒಂದೇ ಹೊಲಿಗೆ ಹಾಕಿದ ಕೈ ಅರ್ಧ ಕೆಲಸವನ್ನು ನೋಡದೆಯೇ ಮಾಡುತ್ತದೆ. ಪೀಸ್ ಲೆಕ್ಕ ಅಷ್ಟಾಗಿ ಏರದೆಯೂ ಇರಬಹುದು. ನನ್ನ ಊಹೆ ಎಂದರೆ, ಬಿಚ್ಚಿ ಮತ್ತೆ ಹೊಲಿಯಬೇಕಾದ ಪೀಸುಗಳು ಕಡಿಮೆಯಾಗಬೇಕು. ಹಾಗಾಗಿ ಎರಡನ್ನೂ ಬರೆದಿಡಲು ವಿದ್ಯಾರ್ಥಿಗಳಿಗೆ ಹೇಳಿ. ಪೀಸ್ ರೇಟಿನ ಪುಸ್ತಕ ನಿಮ್ಮಲ್ಲಿ ಹೇಗೂ ಇದೆ, ಇಂಥ ತಯಾರಾದ ಅಳತೆಗಾಗಿ ಸಂಶೋಧಕರು ಬಾಯಿ ಬಾಯಿ ಬಿಡುತ್ತಾರೆ. ನಿಮ್ಮೊಂದೇ ಘಟಕದ ಹದಿನೈದು ಜನರಿಂದ ಏನೂ ಸಿದ್ಧವಾಗದು ಎಂಬುದೂ ನೆನಪಿರಲಿ. ಅಕ್ಕಪಕ್ಕದ ಹತ್ತಾರು ಘಟಕಗಳು ಸೇರಬೇಕು.

ಎರಡು ವಿಷಯಕ್ಕೆ ನೀವು ಒಪ್ಪದಿದ್ದರೆ ನಾನಾಗಿದ್ದರೆ ವಿದ್ಯಾರ್ಥಿಗಳನ್ನು ನಿಮ್ಮ ಬಾಗಿಲಿಂದಲೇ ವಾಪಸು ಕರೆಸುತ್ತಿದ್ದೆ. ಯಾವ ಟೇಲರ್‌ನ ಕಣ್ಣು ಹೇಗಿದೆ ಎಂಬ ವರದಿ ಮಾಲೀಕರ ಕೈಗೆ ಬರಕೂಡದು. ಕಣ್ಣು ಮಂದ ಎಂದು ಯಾರನ್ನಾದರೂ ಕೆಲಸದಿಂದ ಬಿಡಿಸಿದರೆ ಅದು ಸಂಶೋಧನೆಯಲ್ಲ, ಬೇಹುಗಾರಿಕೆ. ಎರಡನೆಯದು, ಒಪ್ಪಿಗೆ ಪತ್ರ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬಳ್ಳಾರಿಯಲ್ಲಿ ಅದು ಕನ್ನಡವೊಂದೇ ಅಲ್ಲ, ತೆಲುಗು ಮತ್ತು ಉರ್ದು ಕೂಡ. ಇನ್ನು ಲಾಭದ ಮಾತು: ಬಾಂಗ್ಲಾದೇಶದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಇಂಥದೇ ಇನ್ನೊಂದು ಪ್ರಯೋಗ ಪೀಸ್ ಬದಲು ಆದಾಯವನ್ನೇ ಅಳೆಯಿತು. ಓದುವ ಕನ್ನಡಕ ಸಿಕ್ಕವರ ಗಳಿಕೆ ಎಂಟು ತಿಂಗಳಲ್ಲಿ ಶೇ 33ರಷ್ಟು ಹೆಚ್ಚು ಕಂಡಿತು. ಪೀಸ್ ರೇಟಿನಲ್ಲಿ ದುಡಿಯುವವನ ಲಾಭಕ್ಕೂ ನಿಮ್ಮ ಲಾಭಕ್ಕೂ ಜಗಳವಿಲ್ಲ. ಸಂಶೋಧನೆ ನಡೆಯಲಿ ಬಿಡಲಿ, ಟ್ಯೂಬ್‌ಲೈಟುಗಳನ್ನು ಮಾತ್ರ ಈ ವಾರವೇ ಬದಲಾಯಿಸಿ.

ಪ್ರಶ್ನೆ: ಮಗಳ ಶಾಲೆಗೆ ಕಾಲೇಜಿನವರು ಬಂದು ಮೊಬೈಲ್‌ನಲ್ಲಿ ಕಣ್ಣು ಪರೀಕ್ಷೆ ಮಾಡಿದರು. ‘ದೃಷ್ಟಿ ಕಡಿಮೆ ಇದೆ’ ಎಂದು ಚೀಟಿ ಬಂದಿದೆ. ಅದನ್ನು ತೋರಿಸಿ ಅಂಗಡಿಯಲ್ಲಿ ಕನ್ನಡಕ ಮಾಡಿಸಬಹುದೇ?
— ಪೋಷಕರು, ಸಿಂಧನೂರು

ಉತ್ತರ: ಬೇಡ. ಆ ಚೀಟಿ ಹೇಳುವುದು ಇಷ್ಟೇ: ವೈದ್ಯರಿಗೆ ತೋರಿಸಿ. ಮಕ್ಕಳ ಕಣ್ಣು ಪರೀಕ್ಷೆಯ ಹೊತ್ತಿನಲ್ಲಿ ತಾನೇ ಬಿಗಿದುಕೊಂಡು ಇಲ್ಲದ ನಂಬರನ್ನು ತೋರಿಸಬಲ್ಲದು. ಅದಕ್ಕೇ ಹನಿ ಹಾಕಿ, ಆ ಬಿಗಿತ ಸಡಿಲಾದ ಮೇಲೆ ನಂಬರ್ ನೋಡುತ್ತಾರೆ. ಹನಿ ಹಾಕಿದ ದಿನ ಮಗು ಓದಲಾರದು, ಹಾಗಾಗಿ ಶಾಲೆಯ ಪರೀಕ್ಷೆಯ ಹಿಂದಿನ ದಿನ ಕರೆದೊಯ್ಯಬೇಡಿ. ಮಗಳನ್ನು ಹೊರಗೆ ಆಡಲು ಬಿಡಿ. ಚೀನಾದ ಗುವಾಂಗ್‌ಝೌನಲ್ಲಿ ಶಾಲಾ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣದ ಅವಧಿ ಕೊಟ್ಟು ಮೂರು ವರ್ಷ ನೋಡಿದರು; ಹೊಸದಾಗಿ ಸಮೀಪದೃಷ್ಟಿ (ದೂರದ್ದು ಮಸುಕಾಗುವ ತೊಂದರೆ) ಬಂದವರು ಶೇ 30.4, ಆ ಅವಧಿ ಸಿಗದ ಶಾಲೆಗಳಲ್ಲಿ ಶೇ 39.5. ನಮ್ಮ ಏಪ್ರಿಲ್ ಬಿಸಿಲು ಗುವಾಂಗ್‌ಝೌನವರಿಗೆ ಗೊತ್ತಿಲ್ಲ ಎನ್ನಿ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಸಾಕು.

ಪ್ರಶ್ನೆ: ನಾನು ಎಂಸಿಎ ವಿದ್ಯಾರ್ಥಿ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ (ಕಣ್ಣಿನ ಹಿಂಬದಿಯ ಪರದೆ, ರೆಟಿನಾ) ಕೆಡುವುದನ್ನು ಚಿತ್ರ ನೋಡಿ ಗುರುತಿಸುವ ಆ್ಯಪ್ ಮಾಡಿದ್ದೇನೆ. ಅಂತರ್ಜಾಲದಲ್ಲಿ ಸಿಗುವ ಚಿತ್ರಗಳ ಮೇಲೆ ಶೇ 97 ನಿಖರತೆ ಬಂದಿದೆ. ಆಸ್ಪತ್ರೆಗಳು ಇದನ್ನು ಬಳಸುವಂತೆ ಮಾಡುವುದು ಹೇಗೆ? ಕಂಪನಿ ಶುರು ಮಾಡಬಹುದೇ?
— ವಿದ್ಯಾರ್ಥಿ, ರಾಯಚೂರು

ಉತ್ತರ: ನಿಮ್ಮ ದಾರಿಯಲ್ಲಿ ಮುಂದೆ ಹೋದವರ ಕಥೆಯಿಂದ ಶುರು ಮಾಡೋಣ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ನೇತ್ರತಜ್ಞ ಮೈಕೆಲ್ ಅಬ್ರಮೊಫ್ ಇದೇ ಕೆಲಸದ ಸಾಫ್ಟ್‌ವೇರ್ ಕಟ್ಟಿ, ಕಂಪನಿಯನ್ನೂ ಸ್ಥಾಪಿಸಿದರು. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಕರು ಅದಕ್ಕೆ ಒಪ್ಪಿಗೆ ಕೊಟ್ಟರು. ಅದು ರೋಗವಿದ್ದವರನ್ನು ಹಿಡಿದದ್ದು ಶೇ 87.2ರಷ್ಟು ಸಲ, ಇಲ್ಲದವರನ್ನು ಇಲ್ಲ ಎಂದದ್ದು ಶೇ 90.7ರಷ್ಟು ಸಲ. ನಿಮ್ಮ 97ರ ಮುಂದೆ ಸಪ್ಪೆ ಅಲ್ಲವೇ? ಆದರೂ ಒಪ್ಪಿಗೆ ಸಿಕ್ಕಿದ್ದು ಅವರಿಗೆ.

ನಿಮ್ಮ ಅಂಕಿಯನ್ನು ಒಮ್ಮೆ ಅಲುಗಾಡಿಸಿ ನೋಡಿ. ಸಕ್ಕರೆ ಕಾಯಿಲೆಯ ಸಾವಿರ ಜನರಲ್ಲಿ ನೂರು ಜನರಿಗೆ ಅಕ್ಷಿಪಟಲ ಕೆಟ್ಟಿದೆ ಎನ್ನೋಣ. ಏನನ್ನೂ ನೋಡದೆ ಸಾವಿರಕ್ಕೆ ಸಾವಿರ ಜನರಿಗೂ ‘ಏನೂ ಇಲ್ಲ’ ಎನ್ನುವ ಆ್ಯಪ್ ಒಂಬೈನೂರು ಸಲ ಸರಿ. ಶೇ 90 ನಿಖರತೆ, ಹಿಡಿದ ರೋಗಿಗಳು ಸೊನ್ನೆ! ಆದ್ದರಿಂದ ನಿಖರತೆ ಎಂಬ ಒಂಟಿ ಅಂಕಿಯನ್ನು ಬಿಟ್ಟು, ಅಬ್ರಮೊಫ್ ಅವರಂತೆ ರೋಗ ಹಿಡಿದದ್ದೆಷ್ಟು, ಇಲ್ಲದ್ದನ್ನು ಇಲ್ಲ ಎಂದದ್ದೆಷ್ಟು ಎಂದು ಎರಡನ್ನೂ ಬೇರೆ ಬೇರೆ ಹೇಳಿ. ಒಬ್ಬನೇ ರೋಗಿಯ ಎಡಗಣ್ಣು ಆ್ಯಪ್‌ಗೆ ಕಲಿಸಲು ಬಳಸಿದ ಚಿತ್ರಗಳ ಕಟ್ಟಿನಲ್ಲಿ, ಬಲಗಣ್ಣು ಅದನ್ನು ಪರೀಕ್ಷಿಸುವ ಕಟ್ಟಿನಲ್ಲಿ ಸೇರಿಕೊಂಡಿಲ್ಲ ತಾನೇ? ಹಾಗಾಗಿದ್ದರೆ ಪ್ರಶ್ನೆಪತ್ರಿಕೆ ಮೊದಲೇ ಸೋರಿಕೆಯಾಗಿದೆ. ನಾನು ನೋಡಿದ ವಿದ್ಯಾರ್ಥಿ ಯೋಜನೆಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ತಪ್ಪು, ಮಾರ್ಗದರ್ಶಕರೂ ಗಮನಿಸುವುದಿಲ್ಲ.

ಇನ್ನು ಆಸ್ಪತ್ರೆಯ ಮಾತು. ಗೂಗಲ್‌ನವರು ಇಂಥದೇ ಸಾಫ್ಟ್‌ವೇರನ್ನು ಥಾಯ್ಲೆಂಡ್‌ನ ಕ್ಲಿನಿಕ್‌ಗಳಿಗೆ ಒಯ್ದಾಗ ಏನಾಯಿತೆಂದು 2020ರಲ್ಲಿ ತಾವೇ ಬರೆದುಕೊಂಡರು. ನರ್ಸ್‌ಗಳು ತೆಗೆದ ಚಿತ್ರಗಳಲ್ಲಿ ಐದನೇ ಒಂದಕ್ಕಿಂತ ಹೆಚ್ಚನ್ನು ಯಂತ್ರ ‘ಚಿತ್ರ ಸರಿಯಿಲ್ಲ’ ಎಂದು ತಳ್ಳಿಹಾಕಿತು. ಕೆಲವು ಕ್ಲಿನಿಕ್‌ಗಳಲ್ಲಿ ಕತ್ತಲು ಮಾಡಬಹುದಾದ ಕೋಣೆಯೇ ಇರಲಿಲ್ಲ. ಬೆಳಕಿದ್ದರೆ ಪಾಪೆ ಅರಳದು, ಚಿತ್ರ ಮಸುಕು. ಜತೆಗೆ ಅಂತರ್ಜಾಲದ ತೊಡಕು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದಕ್ಕಿಂತ ಭಿನ್ನವಾದ ಅನುಭವ ಆಗುತ್ತದೆಂದು ನಾನು ಪಂದ್ಯ ಕಟ್ಟಲಾರೆ. ಪೊರೆ ಬಂದ ಕಣ್ಣಿನ ಚಿತ್ರ ಹೇಗಿದ್ದರೂ ಮಸುಕೇ.

ಇದೆಲ್ಲ ನಿಮ್ಮ ಉತ್ಸಾಹ ಕುಗ್ಗಿಸಲು ಬರೆದದ್ದಲ್ಲ. ನೀವು ಇಳಿಸಿಕೊಂಡ ಚಿತ್ರಗಳಲ್ಲಿ 516 ಚಿತ್ರಗಳ ‘ಐಡಿಆರ್‌ಐಡಿ’ ಎಂಬ ಕಟ್ಟು ಇದ್ದಿರಬಹುದು. ಜಗತ್ತಿನ ಸಂಶೋಧಕರೆಲ್ಲ ಬಳಸುವ ಆ ಕಟ್ಟು ಬಂದದ್ದು ಬೋಸ್ಟನ್‌ನಿಂದಲ್ಲ, ನಾಂದೇಡ್‌ನಿಂದ! ಅಲ್ಲಿನ ಎಂಜಿನಿಯರಿಂಗ್ ಕಾಲೇಜೂ ಕಣ್ಣಿನ ಕ್ಲಿನಿಕ್ಕೂ ಕೈಜೋಡಿಸಿ 2018ರಲ್ಲಿ ಹೊರತಂದದ್ದು. ಒಂದು ಕಾಲಕ್ಕೆ ರಾಯಚೂರಿನ ಹಾಗೆಯೇ ನಿಜಾಮರ ಆಳ್ವಿಕೆಯಲ್ಲಿದ್ದ ಊರು ಅದು. ನಿಮ್ಮೂರಿನಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ, ಐಐಐಟಿ ಇದೆ, ವಿಶ್ವವಿದ್ಯಾಲಯವಿದೆ. ಇವರೆಲ್ಲ ಒಂದೇ ಮೇಜಿನ ಸುತ್ತ ಕುಳಿತರೆ ಇಲ್ಲಿನ ಕ್ಯಾಮೆರಾ, ಇಲ್ಲಿನ ಕಣ್ಣು, ಇಲ್ಲಿನ ಪೊರೆಯ ಚಿತ್ರಗಳ ಕಟ್ಟೊಂದು ಹುಟ್ಟಬಹುದು. ನಿಮ್ಮ ಆ್ಯಪ್‌ಗಿಂತ ಅದರ ಬೆಲೆ ದೊಡ್ಡದು. ಆದರೆ ಮೊದಲು ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ. ‘ಹೆಸರು ತೆಗೆದಿದ್ದೇವೆ ಸರ್’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ತರಿಸಿಕೊಳ್ಳುವ ಚಾಳಿಯನ್ನು ಇಲ್ಲಿಗೇ ನಿಲ್ಲಿಸಿ.

ಕಂಪನಿ? ಈಗ ಬೇಡ. ನನ್ನ ಮಾರ್ಗದರ್ಶನದಲ್ಲೇ ತಯಾರಾದ ಆ್ಯಪ್ ಒಂದು, ಹುಡುಗ ಬೆಂಗಳೂರಿನಲ್ಲಿ ಕೆಲಸ ಹಿಡಿದ ತಿಂಗಳೇ ಸರ್ವರ್ ಬಾಡಿಗೆ ಕಟ್ಟುವವರಿಲ್ಲದೆ ಕಣ್ಣು ಮುಚ್ಚಿತು. ಆರಂಭಕ್ಕೆ ಇದಕ್ಕಿಂತ ಸರಳವಾದದ್ದನ್ನು ಕಟ್ಟಿ: ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಕಳಿಸಿದವರಲ್ಲಿ ಯಾರು ಹೋದರು, ಯಾರು ಹೋಗಲಿಲ್ಲ ಎಂದು ಗುರುತಿಟ್ಟು, ಹೋಗದವರಿಗೆ ಕನ್ನಡದಲ್ಲಿ ಕರೆ ಮಾಡಿಸುವ ದಾಖಲೆ ಪುಸ್ತಕ. ಅದರಲ್ಲಿ ಕೃತಕ ಬುದ್ಧಿಮತ್ತೆ ಇಲ್ಲ, ಸಮ್ಮೇಳನದಲ್ಲಿ ಚಪ್ಪಾಳೆಯೂ ಬೀಳದು. ವೈದ್ಯರು ಮಾತ್ರ ನಾಳೆಯಿಂದಲೇ ಬಳಸುತ್ತಾರೆ.

ಪ್ರಶ್ನೆ: ಎಂಕಾಂ ಪ್ರಬಂಧಕ್ಕೆ ‘ಕಣ್ಣಾಸ್ಪತ್ರೆಯಲ್ಲಿ ಗ್ರಾಹಕರ ತೃಪ್ತಿ’ ಎಂಬ ವಿಷಯ ಸಿಕ್ಕಿದೆ. ನೂರು ಪ್ರಶ್ನಾವಳಿ ತುಂಬಿಸಬೇಕು. ಗೆಳತಿಯರು ಮನೆಯಲ್ಲೇ ಕುಳಿತು ತುಂಬು ಎನ್ನುತ್ತಾರೆ. ಏನು ಮಾಡಲಿ?
— ವಿದ್ಯಾರ್ಥಿನಿ, ಕುಷ್ಟಗಿ

ಉತ್ತರ: ಕೇಳುವ ಧೈರ್ಯ ಮಾಡಿದಿರಲ್ಲ, ಅರ್ಧ ಗೆದ್ದಿರಿ. ಮನೆಯಲ್ಲಿ ತುಂಬಿದ ಪ್ರಶ್ನಾವಳಿಗೂ ಆಸ್ಪತ್ರೆಯಲ್ಲಿ ತುಂಬಿಸಿದ್ದಕ್ಕೂ ಉತ್ತರ ಹೆಚ್ಚು ಕಡಿಮೆ ಒಂದೇ ಬರುತ್ತದೆ ಎಂಬುದು ಈ ವಿಷಯದ ದುರಂತ. ಪೊರೆ ತೆಗೆಸಿಕೊಂಡು ಮೊಮ್ಮಗನ ಮುಖ ಕಂಡ ಅಜ್ಜಿ ತೃಪ್ತಿ ಇಲ್ಲ ಎಂದಾಳೆಯೇ?

ಕೇಳಬೇಕಾದವರು ಆಸ್ಪತ್ರೆಗೆ ಬಾರದವರು. ಬೀಳಗಿಯ ಡಾ. ಎಂ.ಸಿ. ಮೋದಿ ಅವರು ಊರೂರಿನಲ್ಲಿ ಶಿಬಿರ ಹೂಡಿ ಪೊರೆ ತೆಗೆದದ್ದನ್ನು ನಿಮ್ಮ ಅಜ್ಜ ಅಜ್ಜಿಯರು ನೆನೆಯಬಹುದು. ಮದುರೈಯ ಅರವಿಂದ ಕಣ್ಣಾಸ್ಪತ್ರೆ 1976ರಲ್ಲಿ 11 ಹಾಸಿಗೆಗಳಿಂದ ಶುರುವಾಗಿ, ಹಣ ಕೊಡಬಲ್ಲವರ ಗಳಿಕೆಯಿಂದಲೇ ಕೊಡಲಾರದವರ ಶಸ್ತ್ರಚಿಕಿತ್ಸೆ ನಡೆಸುವ ಲೆಕ್ಕಾಚಾರ ಕಟ್ಟಿತು. ಹಾರ್ವರ್ಡ್‌ನ ವ್ಯಾಪಾರ ಶಾಲೆ ಅದನ್ನು ಪಾಠವಾಗಿಸಿತು. ಅಂಥ ಸಂಸ್ಥೆಯ ಸುತ್ತಲಿನ ಹಳ್ಳಿಗಳಲ್ಲೇ ಸಮೀಕ್ಷೆ ನಡೆದಾಗ, ಕಣ್ಣಿನ ತೊಂದರೆ ಇದ್ದವರಲ್ಲಿ ಶಿಬಿರಕ್ಕೆ ಬಂದವರು ಶೇ 7ರಷ್ಟೂ ಇರಲಿಲ್ಲ ಎಂದು ತಿಳಿದದ್ದು 1999ರಲ್ಲಿ. ಆಮೇಲೆ ಅವರು ಹಳ್ಳಿಗಳ ಹತ್ತಿರವೇ ದೃಷ್ಟಿ ಕೇಂದ್ರಗಳನ್ನು ತೆರೆಯುತ್ತ ಹೋದರು.

ಮಾರ್ಗದರ್ಶಕರನ್ನು ಒಪ್ಪಿಸಿ, ಶೀರ್ಷಿಕೆಯಲ್ಲಿ ‘ತೃಪ್ತಿ’ಯ ಜಾಗದಲ್ಲಿ ‘ವೆಚ್ಚ’ ಎಂದು ಹಾಕಿಸಿ. ನೂರು ಬೇಡ, ಮೂವತ್ತು ಮನೆ ಸಾಕು. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಪೊರೆ ಇದ್ದೂ ಆಪರೇಷನ್‌ಗೆ ಹೋಗದ ಹಿರಿಯರ ಮನೆ ತೋರಿಸುತ್ತಾರೆ. ಆಪರೇಷನ್ ಉಚಿತ ಎಂದು ಅವರಲ್ಲಿ ಹಲವರಿಗೆ ಗೊತ್ತಿರಬಹುದು. ನೀವು ಕೇಳಬೇಕಾದದ್ದು ಬೇರೆ: ಜೊತೆಗೆ ಹೋಗುವವರು ಯಾರು, ಅವರಿಗೆ ಎಷ್ಟು ದಿನದ ಕೂಲಿ ಹೋಗುತ್ತದೆ, ಕೊಪ್ಪಳಕ್ಕೆ ಎರಡು ಬಸ್ ಬದಲಿಸಬೇಕೇ, ಅಷ್ಟು ದಿನ ಮನೆಯ ಎಮ್ಮೆಗೆ ಮೇವು ಹಾಕುವವರು ಯಾರು.