ಹಾನಗಲ್ಲಿನ ಗದ್ದೆ, ಬೋರಿನ ನೀರು, ಆರ್ಸೆನಿಕ್

ಬಂಗಾಳದ ಅಕ್ಕಿಯಲ್ಲಿ ಆರ್ಸೆನಿಕ್ ಎಂಬ ವಿಷ ಇದೆಯಂತೆ, ನಿಮ್ಮ ಹಾನಗಲ್ ಸೀಮೆಯ ಭತ್ತಕ್ಕೂ ಆ ಭಯ ಉಂಟೇ ಎಂದು ಕೇಳಿದಿರಿ. ಮೊದಲು ನಮ್ಮ ಗದ್ದೆ ನೋಡ್ರಿ. ಇದು ಮಲೆನಾಡಿನ ಸೆರಗು. ಇಲ್ಲಿ ಬಹಳ ಕಡೆ ನಾಟಿ ಇಲ್ಲ. ಮುಂಗಾರಿನ ಹೊತ್ತಿಗೆ ಒಣ ಮಣ್ಣಿನಲ್ಲೇ ಕೂರಿಗೆ ಬಿತ್ತನೆ, ಆಮೇಲೆ ಎಡೆಕುಂಟೆ. ಮಳೆ ಹಿಡಿದ ಮೇಲೆಯೇ ನೀರು ನಿಲ್ಲುವುದು. ಅದೂ ಮಳೆಯದು, ಇಲ್ಲವೇ ಕೆರೆಯದು.

ಬಂಗಾಳದ ಬೋರೋ ಭತ್ತ ಹಾಗಲ್ಲ. ಬೇಸಿಗೆ ಬೆಳೆ, ಕೊಳವೆಬಾವಿ ನೀರು. ಲೀಟರಿಗೆ 0.1 ಮಿಲಿಗ್ರಾಂ ಆರ್ಸೆನಿಕ್ ಇರುವ ನೀರನ್ನು ಒಂದು ಬೆಳೆಗೆ 1,000 ಮಿಲಿಮೀಟರ್ ಹಾಯಿಸಿದರೆ ಎಕರೆಗೆ 40 ಲಕ್ಷ ಲೀಟರ್ ಆಯಿತು, ಅದರೊಂದಿಗೆ 400 ಗ್ರಾಂ ಆರ್ಸೆನಿಕ್ ಬಂತು. ನೆರೆ ಒಂದಿಷ್ಟನ್ನು ತೊಳೆದೊಯ್ದರೂ ಉಳಿದದ್ದು ಮೇಲ್ಮಣ್ಣಿನ ಕಬ್ಬಿಣಕ್ಕೆ ಅಂಟುತ್ತದೆ. ನೀರು ನಿಂತು ಮಣ್ಣಿಗೆ ಗಾಳಿ ತಪ್ಪಿದಾಗ ಆ ಕಬ್ಬಿಣ ಕರಗಿ ಆರ್ಸೆನಿಕ್ಕನ್ನು ಬಿಟ್ಟುಕೊಡುತ್ತದೆ. ಭತ್ತ ಸಿಲಿಕಾ ಬಾಕ ಬೆಳೆ, ಅಂದರೆ ಮರಳಿನಲ್ಲಿರುವ ಸಿಲಿಕಾ ಎಂಬ ಅಂಶವನ್ನು ಬಹಳ ಹೀರುತ್ತದೆ. ಸಿಲಿಕಾ ಹೀರುವ ದಾರಿಯಲ್ಲೇ ಇದೂ ಬೇರಿನೊಳಗೆ ನುಸುಳುತ್ತದೆ. ಕಾಳಿಗಿಂತ ಹುಲ್ಲಿನಲ್ಲಿ ಹೆಚ್ಚು.

ಹಾಗಾಗಿ ಕೂರಿಗೆ ಭತ್ತಕ್ಕಿಂತ ಬೋರು ನಂಬಿದ ಬೇಸಿಗೆ ಭತ್ತದವರು ಎಚ್ಚರ ವಹಿಸಬೇಕು. ಗದಗಿನ ಕಪ್ಪತಗುಡ್ಡದ ಚಿನ್ನದ ಪಟ್ಟಿಯ ಬಂಡೆಯಲ್ಲಿ ಆರ್ಸೆನೊಪೈರೈಟ್ ಎಂಬ ಆರ್ಸೆನಿಕ್ ಅದಿರು ಇದೆ. ಆ ಸುತ್ತಿನ ಬೋರಿನ ನೀರನ್ನು, ಕುಡಿಯಲಿಕ್ಕಾದರೂ, ಪರೀಕ್ಷಿಸುವುದು ಒಳ್ಳೆಯದು. ಮುಂಡರಗಿ ಕಡೆ ಫ್ಲೋರೈಡ್ ಪರೀಕ್ಷೆ ಮಾಡಿಸಿ ಸುಮ್ಮನಾಗುತ್ತಾರೆ. ಆ ಚೀಟಿಯಲ್ಲಿ ಆರ್ಸೆನಿಕ್ ಇರುವುದಿಲ್ಲ, ಬೇರೆಯಾಗಿ ಕೇಳಬೇಕು. ಹತ್ತು ನಿಮಿಷ ಮೋಟಾರು ಓಡಿಸಿ, ಲ್ಯಾಬಿನವರೇ ಕೊಟ್ಟ ಬಾಟಲಿಗೆ ತುಂಬಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಣ್ಣ, ರುಚಿ ಏನೂ ಗೊತ್ತಾಗದು. ಕುದಿಸಿದರೂ ಹೋಗದು; ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ, ಅಷ್ಟೇ.

ಬೋರು ನೀರಿನ ನಾಟಿ ಗದ್ದೆಯಲ್ಲಿ ಮಾಡಬಹುದಾದದ್ದು, ಸದಾ ನೀರು ನಿಲ್ಲಿಸದೆ ಒಮ್ಮೆ ನೀರು ಕಟ್ಟಿ, ಒಮ್ಮೆ ಒಣಗಲು ಬಿಡುವುದು. ನೀರು ಎಷ್ಟು ಇಳಿದಿದೆ ಎಂದು ನೋಡಲು ಒಂದು ಪೈಪು ಬೇಕು. 30 ಸೆಂಟಿಮೀಟರ್ ಉದ್ದದ, ಕೈ ಹೋಗುವಷ್ಟು ಅಗಲದ ಪೈಪಿನ ಕೆಳಭಾಗಕ್ಕೆ ತೂತು ಕೊರೆದು, 10 ಸೆಂಟಿಮೀಟರ್ ಮೇಲೆ ಉಳಿಯುವಂತೆ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾದ ಎರಡು ವಾರದ ನಂತರ ಶುರು. ಮೊದಲೇ ಒಣಗಿಸಿದರೆ ಕಳೆ ಏಳುತ್ತದೆ. ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಇಳಿದಾಗ, ಗದ್ದೆಯಲ್ಲಿ 5 ಸೆಂಟಿಮೀಟರ್ ನಿಲ್ಲುವಂತೆ ಹಾಯಿಸಿ. ಹೂ ಬಿಡುವ ಹಿಂದು ಮುಂದಿನ ವಾರ ಒಣಗಿಸಬಾರದು, ಜೊಳ್ಳು ಬೀಳುತ್ತದೆ. ವಿಪರೀತ ಒಣಗಿಸಿದರೆ ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಎಂಬ ಲೋಹ ಕಾಳಿಗೇರುತ್ತದೆ, ಅದೂ ವಿಷವೇ.

ಅಡುಗೆಮನೆಯಲ್ಲಿ ಕುಕ್ಕರಿಗಿಂತ ಹಳೇ ಪದ್ಧತಿ ಮೇಲು. ಒಳ್ಳೆಯ ನೀರು ಆರು ಪಟ್ಟು ಹಾಕಿ ಬೇಯಿಸಿ ಗಂಜಿ ಬಸಿದರೆ ಆರ್ಸೆನಿಕ್ ಅರ್ಧದ ಹತ್ತಿರ ಇಳಿಯುತ್ತದೆ. ಜೊತೆಗೆ ಬಿ ವಿಟಮಿನ್ನೂ ಹೋಗುತ್ತದೆ ಅನ್ನಿ. ನೀರಲ್ಲಿ ಆರ್ಸೆನಿಕ್ ಇರುವ ಊರಾದರೆ ಆ ಗಂಜಿಯನ್ನು ದನದ ಮುಸುರೆಗೆ ಸುರಿಯಬೇಡಿ.