ಕಾರು ಕಡಿಮೆ ಓಡಿದರೆ ಸರ್ವೀಸ್ ಬೇಡವೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಆರು ವರ್ಷದ ಹಿಂದೆ ತಗೊಂಡ ಪೆಟ್ರೋಲ್ ಕಾರು ಇದುವರೆಗೆ ಓಡಿದ್ದು 19,000 ಕಿ.ಮೀ. ಮಾತ್ರ. ಪೇಟೆ, ದೇವಸ್ಥಾನ ಬಿಟ್ಟರೆ ಹೊರಗೆ ತೆಗೆಯುವುದೇ ಕಡಿಮೆ. ವರ್ಷ ವರ್ಷ ಆಯಿಲ್ ಬದಲಿಸಿ ಅಂತ ಸರ್ವೀಸ್ ಸೆಂಟರ್‌ನವರು ಹೇಳುತ್ತಾರೆ. 10,000 ಕಿ.ಮೀ. ಆಗುವವರೆಗೆ ಬೇಡ, ಸುಮ್ನೆ ದುಡ್ಡು ದಂಡ ಅಂತ ಮಗ ಹೇಳುತ್ತಾನೆ. ಯಾರ ಮಾತು ಕೇಳಲಿ?
– ಓದುಗರು, ಸಾಗರ

ಉತ್ತರ: ಮೇಷ್ಟ್ರೇ, ಆಯಿಲ್ ವಿಷಯದಲ್ಲಿ ಸರ್ವೀಸ್ ಸೆಂಟರ್‌ನವರ ಮಾತೇ ಸರಿ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಸರ್ವೀಸ್ ಪಟ್ಟಿ ಇರುತ್ತದೆ, ತೆಗೆದು ನೋಡಿ. ನಮ್ಮಲ್ಲಿನ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ ‘10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು’ ಎಂದು ಬರೆದಿರುತ್ತಾರೆ. ನಿಮ್ಮ ಮಗ ಹೇಳುತ್ತಿರುವುದು ಅದರ ಮೊದಲರ್ಧ ಮಾತ್ರ. ನಿಮ್ಮಂತೆ ಕಡಿಮೆ ಓಡಿಸುವವರಿಗೆ ಎರಡನೆಯ ಅರ್ಧವೇ ಮುಖ್ಯ.

ಕಾರಣ ಹೇಳುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚು ಕಡಿಮೆ ಒಂದು ಲೀಟರ್‌ನಷ್ಟು ನೀರು ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಸೈಲೆನ್ಸರ್ ತುದಿಯಲ್ಲಿ ಹನಿ ಹನಿ ನೀರು ತೊಟ್ಟಿಕ್ಕುವುದನ್ನು ನೀವೂ ನೋಡಿರುತ್ತೀರಿ. ಸ್ವಲ್ಪ ಭಾಗ ಮಾತ್ರ ಪಿಸ್ಟನ್ ಪಕ್ಕದಿಂದ ಜಾರಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ಜೊತೆಗೆ ಉರಿಯದೆ ಉಳಿದ ಪೆಟ್ರೋಲೂ ಇಳಿಯುತ್ತದೆ. ದೂರ ಓಡಿಸಿದರೆ ಆಯಿಲ್ ಚೆನ್ನಾಗಿ ಕಾದು ಇವೆರಡೂ ಆವಿಯಾಗಿ ಹೋಗುತ್ತವೆ. ಎರಡು ಕಿ.ಮೀ. ಹೋಗಿ ನಿಲ್ಲಿಸಿಬಿಟ್ಟರೆ ಆಯಿಲ್ ಕಾಯುವುದೇ ಇಲ್ಲ. ಬಿದ್ದ ನೀರು ಅಲ್ಲೇ ಉಳಿಯುತ್ತದೆ. ಕ್ರಮೇಣ ಆಯಿಲ್ ಕೆಟ್ಟು ಜಿಡ್ಡು ಕಟ್ಟುತ್ತದೆ.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಇಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆಯಿರಿ. ಅದರ ಒಳಭಾಗದಲ್ಲಿ ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೊರೆಯಂಥದ್ದು ಮೆತ್ತಿಕೊಂಡಿದ್ದರೆ ಅದೇ ಆ ನೀರು. ಮಲೆನಾಡಿನ ಮಳೆಗಾಲದಲ್ಲಿ ಹೀಗಾಗುವುದು ಸಾಮಾನ್ಯ, ಗಾಬರಿ ಬೇಡ. ಆದರೆ ಡಿಪ್‌ಸ್ಟಿಕ್ ಎಳೆದು ನೋಡಿದಾಗ ಅದರ ಮೇಲಿನ ಆಯಿಲ್ ಕೂಡ ಅದೇ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಪದೇ ಪದೇ ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್, ಅಂದರೆ ಆ ದ್ರವ ಆಯಿಲ್‌ಗೆ ಸೇರದಂತೆ ತಡೆಯುವ ಇಂಜಿನ್ ಒಳಗಿನ ಸೀಲ್, ಹೋಗಿರಬಹುದು. ಆಗ ಗಾಡಿ ಓಡಿಸಬೇಡಿ. ಮೆಕ್ಯಾನಿಕ್ ಅನ್ನೇ ಮನೆಗೆ ಕರೆಸಿ.

ವಾರಕ್ಕೊಮ್ಮೆ ಒಂದೇ ಸಲಕ್ಕೆ ಅರ್ಧ ಗಂಟೆ ಓಡಿಸಿ. ಜೋಗದ ಕಡೆ ಹೋಗಿ ಬಂದರಂತೂ ಬಹಳ ಒಳ್ಳೆಯದು. ಬ್ಯಾಟರಿಯೂ ಚಾರ್ಜ್ ಆಗುತ್ತದೆ. ಮನೆ ಮುಂದೆ ನಿಲ್ಲಿಸಿಕೊಂಡು ಐದು ನಿಮಿಷ ಸ್ಟಾರ್ಟ್ ಮಾಡಿಡುವ ಅಭ್ಯಾಸ ತುಂಬಾ ಜನಕ್ಕೆ ಇದೆ. ದಯವಿಟ್ಟು ಅದನ್ನು ಬಿಡಿ. ಅದರಿಂದ ಆಯಿಲ್‌ಗೆ ಇನ್ನಷ್ಟು ನೀರು ಸೇರುತ್ತದೆಯೇ ಹೊರತು ಒಣಗುವುದಿಲ್ಲ.

ಬ್ರೇಕ್ ಆಯಿಲ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಲೇಬೇಕು, ಯಾಕೆಂದರೆ ಇದು ಜೀವದ ಪ್ರಶ್ನೆ. ಅದು ಗಾಳಿಯಲ್ಲಿರುವ ತೇವವನ್ನು ತಾನಾಗಿ ಹೀರಿಕೊಳ್ಳುತ್ತದೆ. ಕಾರು ಓಡಲಿ, ಶೆಡ್ಡಿನಲ್ಲೇ ನಿಂತಿರಲಿ, ಹೀರುವುದಂತೂ ನಿಲ್ಲುವುದಿಲ್ಲ. ಡಾಟ್ 4 ಮಟ್ಟದ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಗುಂಬೆಯಂಥ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಚಕ್ರದ ಹತ್ತಿರ ಬಿಸಿ ಏರಿ ಆ ಆಯಿಲ್ ಕುದಿಯಬಹುದು. ಆಗ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಪೆಡಲ್ ಒತ್ತಿದರೆ ಮೆತ್ತಗೆ ಕೆಳಗಿಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಆರು ವರ್ಷದಿಂದ ಬದಲಿಸದೇ ಇದ್ದರೆ ಈ ವಾರವೇ ಮಾಡಿಸಿ. ಘಾಟಿ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರ್‌ನಲ್ಲೇ ಇಳಿಯಿರಿ. ನ್ಯೂಟ್ರಲ್‌ನಲ್ಲಿ ಖಂಡಿತ ಬೇಡ.

ಇನ್ನು ಬಿಲ್ಲಿನಲ್ಲಿ ಇಂಜಿನ್ ಫ್ಲಶಿಂಗ್, ಕೋಟಿಂಗ್ ಅಂತೆಲ್ಲ ಸೇರಿಸಿದ್ದರೆ, ‘ಪುಸ್ತಕದ ಪಟ್ಟಿಯಲ್ಲಿ ಇದು ಎಲ್ಲಿದೆ, ತೋರಿಸಿ’ ಎಂದು ಕೇಳಿ. ಇಲ್ಲವಾದರೆ ಬೇಡ ಅನ್ನಿ. ಅಲ್ಲಿ ನಿಮ್ಮ ಮಗನ ಮಾತು ಪೂರ್ತಿ ಸರಿ.

ಪ್ರಶ್ನೆ: ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹಾಕುವವರು ‘ಎಷ್ಟು ಮೇಡಂ?’ ಅಂತಾರೆ. ಏನು ಹೇಳಬೇಕೋ ಗೊತ್ತಾಗುವುದಿಲ್ಲ. ಟೈರ್ ಮೇಲೆ 185/65 ಆರ್15 88ಎಚ್ ಎಂದಿದೆ. ಉತ್ತರ ಅದರಲ್ಲೇ ಇದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅದರಲ್ಲಿಲ್ಲ ಮೇಡಂ. ಡ್ರೈವರ್ ಬಾಗಿಲು ತೆರೆದು ಪಕ್ಕದ ಕಂಬ ನೋಡಿ. ಹೆಚ್ಚಿನ ಕಾರುಗಳಲ್ಲಿ ಅಲ್ಲೊಂದು ಚೀಟಿ ಅಂಟಿಸಿರುತ್ತಾರೆ. ಮುಂದಿನ ಟೈರ್‌ಗೆಷ್ಟು, ಹಿಂದಿನದಕ್ಕೆಷ್ಟು, ತುಂಬಾ ಜನ ಕೂತಾಗ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಒಂದು ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಟೈರ್ ಗೋಡೆಯ ಮೇಲೆ ‘ಗರಿಷ್ಠ’ ಎಂದು ಒಂದು ಅಂಕಿ ಇರುತ್ತದಲ್ಲ, ಅದು ಟೈರ್ ತಡೆಯುವ ಮಿತಿ. ಅಷ್ಟು ಹಾಕಿಸಲು ಹೋಗಬೇಡಿ.

ನೀವು ಬರೆದ ಅಂಕಿಗಳೂ ಉಪಯೋಗದವೇ. ಟೈರ್ ಅಗಲ 185 ಮಿ.ಮೀ. ಗೋಡೆಯ ಎತ್ತರ ಅದರ ಶೇ. 65. ಒಳಗಿನ ರಿಮ್ 15 ಇಂಚು. 88 ಎಂದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ. ಟೈರ್ ಬದಲಿಸುವಾಗ 88ಕ್ಕಿಂತ ಕಡಿಮೆಯದು ಕೊಟ್ಟರೆ ಬೇಡ ಅನ್ನಿ.

ಅದೇ ಗೋಡೆಯಲ್ಲಿ ಇನ್ನೊಂದು ನಾಲ್ಕಂಕಿಯ ಗುರುತು ಹುಡುಕಿ. 2319 ಎಂದಿದ್ದರೆ ಆ ಟೈರ್ ತಯಾರಾದದ್ದು 2019ರ 23ನೇ ವಾರದಲ್ಲಿ. ಹೊಸ ಟೈರ್ ತಗೊಳ್ಳುವಾಗ ಅಂಗಡಿಯಲ್ಲೇ ಇದನ್ನು ಓದಿ, ಆಮೇಲೆ ದುಡ್ಡು ಕೊಡಿ. ರಬ್ಬರ್ ಕೂಡ ನಿಂತಲ್ಲೇ ಹಳೆಯದಾಗುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಿ. ಗೋಡೆಯಲ್ಲಿ ಬಿರುಕು ಕಂಡರೆ ಹಲ್ಲು ಎಷ್ಟೇ ಚೆನ್ನಾಗಿದ್ದರೂ ಬದಲಿಸಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಅಂಕಿಯನ್ನೂ ನೋಡಿ, ಅದನ್ನು ಎಲ್ಲರೂ ಮರೆತಿರುತ್ತಾರೆ.

ಗಾಳಿ ನೋಡಿಸುವುದು ಟೈರ್ ತಣ್ಣಗಿದ್ದಾಗ. ದೂರ ಓಡಿ ಬಂದ ಮೇಲೆ ಮೂರ್ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸುವುದು ಸಹಜ, ಅದನ್ನು ಬಿಡಿಸಬೇಡಿ. ನೈಟ್ರೋಜನ್‌ಗೆ ಬೇರೆ ದುಡ್ಡು ಕೊಡುವ ಅಗತ್ಯ ನನಗಂತೂ ಕಂಡಿಲ್ಲ. ಮಾಮೂಲಿ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ.

ಪ್ರಶ್ನೆ: ಐದು ಜನ ಕೂತು ಎಸಿ ಹಾಕಿ ಶಿರಾಡಿ ಘಾಟಿ ಹತ್ತುವಾಗ ಕಾರು ಏದುಸಿರು ಬಿಡುತ್ತದೆ. ಮುಂದಿನ ಕಾರು ತಗೊಳ್ಳುವಾಗ ಸಿಸಿ (ಇಂಜಿನ್ ಗಾತ್ರ) ನೋಡಲೇ, ಬಿಎಚ್‌ಪಿ (ಇಂಜಿನ್ ಶಕ್ತಿ) ನೋಡಲೇ?
– ಓದುಗರು, ಮಂಗಳೂರು

ಉತ್ತರ: ಘಾಟಿಗೆ ಇವೆರಡಕ್ಕಿಂತ ಟಾರ್ಕ್ ನೋಡಿ, ಅಂದರೆ ಇಂಜಿನ್‌ನ ಎಳೆತದ ಬಲ; ಎನ್‌ಎಂ ಎಂದು ಬರೆದಿರುವ ಅಂಕಿ ಅದೇ. ಅದರ ಪಕ್ಕದಲ್ಲಿರುವ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಅಂಕಿ) ಅನ್ನೂ ಬಿಡದೆ ಓದಿ. 4,400 ಆರ್‌ಪಿಎಂನಲ್ಲಿ 113 ಎನ್‌ಎಂ ಎಂದಿದ್ದರೆ, ಪೂರ್ತಿ ಎಳೆತ ಬೇಕಾದಾಗ ಇಂಜಿನ್ ಅನ್ನು ಅಷ್ಟು ಕೂಗಿಸಲೇಬೇಕು. 1,500 ಆರ್‌ಪಿಎಂನಿಂದಲೇ 170 ಎನ್‌ಎಂ ಕೊಡುವ ಟರ್ಬೊ ಇಂಜಿನ್ ಅದೇ ತಿರುವನ್ನು ಸಲೀಸಾಗಿ ಹತ್ತುತ್ತದೆ, ಅದರ ಸಿಸಿ ಕಡಿಮೆ ಇದ್ದರೂ ಸರಿ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿ, ಎಸಿ ಹಾಕಿ, ಊರಿನ ಯಾವುದಾದರೂ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ.